ಸುದ್ದಿಗಿಂತ ಮೊದಲು ನೀರು ಬಂತು: ಮೋರ್ಬಿ, 1979



2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ. ಆದೋನಿ ಸೀಮೆಯ ನಾವು ಎಲ್‌ಎಲ್‌ಸಿ ಕಾಲುವೆಯ ನೀರನ್ನೇ ನಂಬಿದವರು. ನದಿದಂಡೆಯ ಕೌತಾಳಂ, ಕೋಸಿಗಿ, ಮಂತ್ರಾಲಯ ಮಂಡಲಗಳ ಜನರಿಗೆ ಎಚ್ಚರಿಕೆ ಬಂತು. ಗೋಡೆ ಗಟ್ಟಿಯಾಗಿತ್ತು, ಒಂದು ವಾರದೊಳಗೆ ತಾತ್ಕಾಲಿಕ ಗೇಟೂ ಕೂತಿತು. ಮರುದಿನ ಆಗಸ್ಟ್ 11. ಅದೇ ತಾರೀಕಿಗೆ, 45 ವರ್ಷಗಳ ಹಿಂದೆ, ಗುಜರಾತಿನ ಒಂದು ಊರಿಗೆ ಇಂಥ ಎಚ್ಚರಿಕೆ ಸಿಗಲಿಲ್ಲ. ಆ ಊರಿನ ಕಥೆ ನಮಗೆ ಗೊತ್ತಿರಬೇಕು.

ಊರು ಮೋರ್ಬಿ, ನದಿ ಮಚ್ಛು. ಊರಿನಿಂದ ಕೆಲವೇ ಕಿಲೋಮೀಟರ್ ಮೇಲೆ 1972ರಲ್ಲಿ ಮಚ್ಛು-2 ಅಣೆಕಟ್ಟು ಮುಗಿದಿತ್ತು. ನಡುವೆ ಗೇಟುಗಳಿರುವ ಕಲ್ಲಿನ ಕೋಡಿ, ಅದರ ಎರಡೂ ಬದಿಗೆ ಉದ್ದನೆಯ ಮಣ್ಣಿನ ದಂಡೆ. ಎಲ್ಲ ಗೇಟು ತೆರೆದರೆ ಸೆಕೆಂಡಿಗೆ ಸುಮಾರು 5,663 ಘನ ಮೀಟರ್ ನೀರು ಹೊರಹೋಗಬಹುದು ಎಂಬ ಲೆಕ್ಕದ ಮೇಲೆ ಅದನ್ನು ಕಟ್ಟಿದ್ದರು. 1979ರ ಆಗಸ್ಟಿನಲ್ಲಿ ದಿನಗಟ್ಟಲೆ ಮಳೆ ಹೊಯ್ಯಿತು. ಮೇಲಿನ ಮಚ್ಛು-1 ತುಂಬಿ ಹರಿಯಿತು. ಆಗಸ್ಟ್ 11, ಶನಿವಾರ ಬಂದ ಪ್ರವಾಹ ಆಮೇಲಿನ ಅಂದಾಜಿನ ಪ್ರಕಾರ ಸೆಕೆಂಡಿಗೆ 16,307 ಘನ ಮೀಟರ್. ಲೆಕ್ಕಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು!

ಇಲ್ಲಿ ಸ್ವಲ್ಪ ವಿಜ್ಞಾನ ನೋಡೋಣ. ಕಲ್ಲಿನ ಗೋಡೆಯ ಮೇಲೆ ನೀರು ಹರಿದರೆ ಅದು ಸಾಮಾನ್ಯವಾಗಿ ಕೆಲಹೊತ್ತು ತಡೆದುಕೊಳ್ಳುತ್ತದೆ. ಮಣ್ಣಿನ ದಂಡೆಯ ಮೇಲೆ ಹರಿದರೆ ಹಾಗಲ್ಲ. ನೀರು ಹಿಂಬದಿಯ ಇಳಿಜಾರಿನ ಮಣ್ಣನ್ನು ಕೊರೆಯುತ್ತದೆ. ಕೊರೆದ ಜಾಗ ಕಾಲುವೆಯಾಗುತ್ತದೆ, ಕಾಲುವೆಯಲ್ಲಿ ಇನ್ನಷ್ಟು ನೀರು ನುಗ್ಗುತ್ತದೆ, ಇನ್ನಷ್ಟು ಮಣ್ಣು ಹೋಗುತ್ತದೆ. ಒಮ್ಮೆ ಶುರುವಾದರೆ ಮನುಷ್ಯರ ಕೈಯಲ್ಲಿ ನಿಲ್ಲಿಸಲಾಗದು. ಆ ಮಧ್ಯಾಹ್ನ ಎರಡೂ ಬದಿಯ ದಂಡೆಗಳು ಹಾಗೆಯೇ ಕೊಚ್ಚಿಹೋದವು. ನಡುವಿನ ಕಲ್ಲಿನ ಕೋಡಿ ಮಾತ್ರ ಒಂಟಿಯಾಗಿ ಉಳಿಯಿತು.

ಅಣೆಕಟ್ಟಿನ ಮೇಲಿದ್ದ ಸಿಬ್ಬಂದಿ ಏನಾಗುತ್ತಿದೆ ಎಂದು ಕಣ್ಣಾರೆ ಕಂಡರು. ಆದರೆ ಮಳೆಗಾಳಿಗೆ ಫೋನು ಸತ್ತಿತ್ತು. ಬೇರೆ ದಾರಿ ಇರಲಿಲ್ಲ. ನದಿ ಏರುತ್ತಿದೆ ಎಂದು ಮೋರ್ಬಿಯವರಿಗೆ ಗೊತ್ತಿತ್ತು, ಅಣೆಕಟ್ಟು ಒಡೆದಿದೆ ಎಂದು ಗೊತ್ತಿರಲಿಲ್ಲ. ಸುದ್ದಿ ತಲುಪುವ ಮೊದಲೇ ನೀರು ತಲುಪಿತು. ಎತ್ತರದ ಮಹಡಿಗೆ ಏರಿದವರು ಉಳಿದರು. ಕೆಳಗಿನ ಬೀದಿಗಳಲ್ಲಿ ಇದ್ದವರಿಗೆ ಸಮಯವೇ ಸಿಗಲಿಲ್ಲ. ನದಿ ಮುಂದಕ್ಕೆ ಮಾಳಿಯಾ ಕಡೆಯ ಹಳ್ಳಿಗಳನ್ನೂ ಮುಳುಗಿಸಿತು.

ಸತ್ತವರೆಷ್ಟು? 1,800 ಎನ್ನುವವರಿದ್ದಾರೆ, 25,000 ಎನ್ನುವವರೂ ಇದ್ದಾರೆ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನಮ್ಮನ್ನು ಕಾಡಬೇಕು. ದೇವರು ಹೆಸರಿಟ್ಟು ಕರೆಯುವ ಒಂದೊಂದು ಜೀವವನ್ನು ನಾವು ಎಣಿಸಲೂ ಇಲ್ಲ. ಸರ್ಕಾರ ನೇಮಿಸಿದ ವಿಚಾರಣಾ ಆಯೋಗವನ್ನು ಅದು ಕೆಲಸ ಮುಗಿಸುವ ಮೊದಲೇ 1981ರಲ್ಲಿ ರದ್ದುಮಾಡಲಾಯಿತು. ಅಣೆಕಟ್ಟನ್ನು ಮಾತ್ರ ಮುಂದೆ ಹೆಚ್ಚು ದೊಡ್ಡ ಕೋಡಿಯೊಂದಿಗೆ ಮತ್ತೆ ಕಟ್ಟಿದರು.

ದೇಶಕ್ಕೆಲ್ಲ ಅನ್ವಯವಾಗುವ ಅಣೆಕಟ್ಟು ಸುರಕ್ಷತಾ ಕಾಯಿದೆ ಬಂದದ್ದು 2021ರಲ್ಲಿ, ಅಂದರೆ ಮೋರ್ಬಿಯಾಗಿ 42 ವರ್ಷಗಳ ಮೇಲೆ. ಅದರ ಪ್ರಕಾರ ಮಳೆಗಾಲದ ಮೊದಲು ಮತ್ತು ನಂತರ ಅಣೆಕಟ್ಟುಗಳ ತಪಾಸಣೆ ಆಗಲೇಬೇಕು. ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು: ಒಡೆದರೆ ಎಲ್ಲೆಲ್ಲಿ ಮುಳುಗುತ್ತದೆ, ಯಾರು ಯಾರಿಗೆ ಹೇಳಬೇಕು ಎಂಬುದು ಅದರಲ್ಲಿ ಇರಬೇಕು. ಒಳ್ಳೆಯ ಕಾನೂನೇ. ಆದರೆ ಆ ಯೋಜನೆ ಕಚೇರಿಯ ಬೀರುವಿನಲ್ಲಿದ್ದು ನದಿದಂಡೆಯ ಅಜ್ಜಿಗೆ ಗೊತ್ತಿಲ್ಲದಿದ್ದರೆ, ಮೋರ್ಬಿಯ ಸತ್ತ ಫೋನಿಗೂ ಅದಕ್ಕೂ ಏನು ವ್ಯತ್ಯಾಸ?

ಪ್ರವಾದಿ ಯೆಜೆಕಿಯೇಲನ ಗ್ರಂಥದ 33ನೇ ಅಧ್ಯಾಯದಲ್ಲಿ ಊರಿನ ಕಾವಲುಗಾರನ ಮಾತಿದೆ. ಅಪಾಯ ಬರುವುದನ್ನು ಕಂಡೂ ಕೊಂಬೂದದಿದ್ದರೆ ಸತ್ತವರ ಹೊಣೆ ಅವನ ಮೇಲೆ ಎಂದು ದೇವರು ಹೇಳುತ್ತಾರೆ. ಕೊಂಬೇ ಕೊಡದೆ ಕಾವಲಿಗೆ ನಿಲ್ಲಿಸಿದವರ ಹೊಣೆ ಏನು ಎಂದು ಮೋರ್ಬಿ ನಮ್ಮನ್ನು ಕೇಳುತ್ತದೆ. ಅಣೆಕಟ್ಟು ಎಂದರೆ ಕಲ್ಲು, ಮಣ್ಣು, ಗೇಟು ಮಾತ್ರವಲ್ಲ. ಕೆಳಗಿನ ಕೊನೆಯ ಮನೆಗೆ ತಲುಪುವ ಸುದ್ದಿಯೂ ಅದರ ಒಂದು ಭಾಗ.

ಹಾಗಾದರೆ ಯುವಜನರಾದ ನಾವು ಮಾಡಬಹುದಾದದ್ದು ಏನು? ನದಿಯ ಹತ್ತಿರ ಇರುವ ನಮ್ಮ ಧರ್ಮಕೇಂದ್ರದ ಮನೆಗಳನ್ನು, ಅದರಲ್ಲೂ ನಡೆಯಲಾಗದ ಹಿರಿಯರು, ಬಸುರಿಯರು ಇರುವ ಮನೆಗಳನ್ನು, ಮಳೆಗಾಲಕ್ಕೆ ಮೊದಲೇ ಪಟ್ಟಿ ಮಾಡೋಣ. ಹತ್ತಿರದ ಎತ್ತರದ ಜಾಗ ಯಾವುದು, ಅಲ್ಲಿಗೆ ದಾರಿ ಯಾವುದು ಎಂದು ನಡೆದೇ ನೋಡೋಣ. ನಮ್ಮ ಮಂಡಲದ ಕಚೇರಿಗೆ ಹೋಗಿ ತುರ್ತು ಯೋಜನೆಯಲ್ಲಿ ನಮ್ಮ ಊರಿಗೆ ಏನಿದೆ ಎಂದು ವಿನಯದಿಂದ, ಆದರೆ ಬಿಡದೆ ಕೇಳೋಣ. ಫೋನು ಕೈಕೊಟ್ಟರೆ ಯಾರು ಯಾವ ಬೀದಿಗೆ ಓಡಬೇಕು, ದೇವಾಲಯದ ಗಂಟೆಯನ್ನು ಯಾರ ಮಾತಿನ ಮೇಲೆ ಹೊಡೆಯಬೇಕು ಎಂದು ಗುರುಗಳ ಜೊತೆ ಕೂತು ತೀರ್ಮಾನಿಸೋಣ. ವಾಟ್ಸಾಪಿನಲ್ಲಿ ಬಂದ ಪುಕಾರನ್ನು ಮಾತ್ರ ವಿಚಾರಿಸದೆ ಮುಂದಕ್ಕೆ ಕಳಿಸಬಾರದು. ಸುಳ್ಳು ಕೊಂಬು ಹತ್ತು ಸಲ ಕೂಗಿದರೆ ನಿಜವಾದ ಕೊಂಬಿಗೆ ಯಾರೂ ಏಳುವುದಿಲ್ಲ.

ಈ ಸಲದ ಆಗಸ್ಟ್ 11ರಂದು ಮೋರ್ಬಿಯ ಮೃತರಿಗಾಗಿ ಒಂದು ಪ್ರಾರ್ಥನೆ ಇರಲಿ. ಪ್ರಾರ್ಥನೆ ಮುಗಿದ ಮೇಲೆ ಆ ಪಟ್ಟಿಯ ಕೆಲಸ ಶುರುಮಾಡೋಣ.