ಟ್ರೌಟ್ ಮೀನುಗಾರಿಕೆಯ ಪರವಾನಗಿ ಮತ್ತು ಸಂರಕ್ಷಣಾ ನಿಯಮಗಳು: ನೀಲಗಿರಿ ಮತ್ತು ಮೈಸೂರು ಸೀಮೆ

ಟ್ರೌಟ್ ತಣ್ಣೀರಿನ ಮೀನು. ಬ್ರಿಟಿಷರ ಆಳ್ವಿಕೆಯಲ್ಲಿ ಅದನ್ನು ಹಡಗಿನಲ್ಲಿ ತಂದು ಭಾರತದ ಎತ್ತರದ ಬೆಟ್ಟಗಳ ತೊರೆಗಳಿಗೆ ಬಿಡಲಾಯಿತು. ಅದು ಬದುಕಿ ಉಳಿಯಲೆಂದು ಗಾಳ ಹಾಕುವವರಿಗೆ ಪರವಾನಗಿ, ಮೀನು ಹಿಡಿಯಬಾರದ ಕಾಲ, ಬಲೆಯ ಕಣ್ಣಿನ ಅಳತೆ, ನೀರಿಗೆ ವಿಷ ಹಾಕುವುದಕ್ಕೆ ನಿಷೇಧ ಮೊದಲಾದ ಕಟ್ಟುಪಾಡುಗಳು ಹುಟ್ಟಿದವು. ದಕ್ಷಿಣ ಭಾರತದಲ್ಲಿ ಇವುಗಳ ತವರು ನೀಲಗಿರಿ. ಮೂಲ ಶಾಸನ 1879ರ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆ. ಬೆಟ್ಟದ ಕೆಳಗಿನ ಮೈಸೂರು ಸಂಸ್ಥಾನವೂ 1901ರಲ್ಲಿ ಅದೇ ಬಗೆಯ ಹೆಸರಿನ ಕಾನೂನು ಮಾಡಿತು. ಟ್ರೌಟ್ ಮೈಸೂರು ಬಯಲಿನ ಮೀನಾಗಲಿಲ್ಲ. ಆದರೆ ಅದರ ಸುತ್ತ ಬೆಳೆದ ನಿಯಮಗಳ ಭಾಷೆ ಕಾವೇರಿಯ ಮಡುಗಳಿಗೂ ಬೆಂಗಳೂರಿನ ಕೆರೆಗಳಿಗೂ ಇಳಿದು ಬಂತು.

ಟ್ರೌಟ್ ಬಯಲಿಗೆ ಬಾರದಿರಲು ಕಾರಣ ನೀರಿನ ಬಿಸಿ. ಈ ಮೀನಿಗೆ 10ರಿಂದ 18 ಡಿಗ್ರಿ ಸೆಲ್ಸಿಯಸ್‌ನ, ಕಲ್ಲುಗಳ ಮೇಲೆ ಹಾರಿ ಹರಿಯುವ ನೀರು ಹಿತ. 25 ಡಿಗ್ರಿಯ ಹೊತ್ತಿಗೆ ಅದರ ಜೀವಕ್ಕೇ ಕುತ್ತು. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆಯಾಗುತ್ತದೆ: 10 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಇರುವುದು 25 ಡಿಗ್ರಿಯಲ್ಲಿ 8ರ ಆಸುಪಾಸಿಗೆ ಇಳಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಹವೆ ಮನುಷ್ಯರಿಗೆ ತಂಪೆನಿಸಿದರೂ ಹೆಬ್ಬಾಳ, ಯಲಹಂಕದ ಕೆರೆಗಳಂಥ ನಿಂತ ನೀರು ಬೇಸಿಗೆಯಲ್ಲಿ ಟ್ರೌಟ್‌ಗೆ ಒಗ್ಗುವಂಥದ್ದಲ್ಲ. 2000 ಮೀಟರ್ ಆಸುಪಾಸಿನ ಎತ್ತರದಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಡುವೆ ಹರಿಯುವ ನೀಲಗಿರಿಯ ತೊರೆಗಳು ಮಾತ್ರ ಅದಕ್ಕೆ ತಕ್ಕಂತಿದ್ದವು.

ನಿಯಮಗಳ ಬೇರು ಇಂಗ್ಲೆಂಡಿನಲ್ಲಿದೆ. ಕಾರ್ಖಾನೆಯ ಕೊಳೆ, ಅಡ್ಡಗಟ್ಟೆ, ಲಂಗುಲಗಾಮಿಲ್ಲದ ಬಲೆಗಳಿಂದ ಅಲ್ಲಿನ ನದಿಗಳ ಸಾಲ್ಮನ್ ಮೀನು ಕಡಿಮೆಯಾದಾಗ 1861ರಲ್ಲಿ ಸಾಲ್ಮನ್ ಮೀನುಗಾರಿಕೆ ಕಾಯಿದೆ ಬಂತು. 1865ರ ತಿದ್ದುಪಡಿ ಗಾಳಕ್ಕೂ ಬಲೆಗೂ ಹಣ ತೆತ್ತು ಪರವಾನಗಿ ಪಡೆಯುವ ಪದ್ಧತಿಯನ್ನು ತಂದಿತು. 1878ರ ಸಿಹಿನೀರು ಮೀನುಗಾರಿಕೆ ಕಾಯಿದೆ ಬೇರೆ ಮೀನುಗಳಿಗೂ ನಿಷೇಧ ಕಾಲವನ್ನು ಗೊತ್ತುಮಾಡಿತು. ನೀಲಗಿರಿಯ ಕಾಯಿದೆ ಇದರ ಮರುವರ್ಷವೇ ಬಂದದ್ದು. ಇದೇ ಕಾಲದಲ್ಲಿ ತಾಯ್ನಾಡಿನ ಗಿಡ, ಹಕ್ಕಿ, ಮೀನುಗಳನ್ನು ವಸಾಹತುಗಳಿಗೆ ಒಯ್ದು ಒಗ್ಗಿಸುವ ಹುರುಪೂ ಬೆಳೆದಿತ್ತು. 1864ರಲ್ಲಿ ‘ನಾರ್ಫೋಕ್’ ಎಂಬ ಹಡಗಿನಲ್ಲಿ ಪಾಚಿ ಮತ್ತು ಮಂಜುಗಡ್ಡೆಯ ನಡುವೆ ಇಟ್ಟ ಟ್ರೌಟ್ ಮೊಟ್ಟೆಗಳು ಟಾಸ್ಮೇನಿಯಾಕ್ಕೆ ಜೀವಂತವಾಗಿ ತಲುಪಿ ಮರಿಯಾದವು. ಆ ಯಶಸ್ಸು ಭಾರತದಲ್ಲಿದ್ದ ಗಾಳಪ್ರಿಯ ಅಧಿಕಾರಿಗಳ ಆಸೆಯನ್ನೂ ಕೆರಳಿಸಿತು.

ನೀಲಗಿರಿಗೆ ಟ್ರೌಟ್ ತರುವ ಮೊದಲ ಪ್ರಯತ್ನ 1860ರ ದಶಕದಲ್ಲಿ ನಡೆಯಿತು. ಮದರಾಸು ಸೇನೆಯ ವೈದ್ಯನೂ ಮುಂದೆ ಭಾರತದ ಮೀನುಗಳ ಬಗ್ಗೆ ಪ್ರಮಾಣಗ್ರಂಥ ಬರೆದವನೂ ಆದ ಫ್ರಾನ್ಸಿಸ್ ಡೇ ಅದರ ಮುಂದಾಳು. ಆ ಪ್ರಯತ್ನ ಫಲಿಸಲಿಲ್ಲ. ಊಟಿಯ ಸರ್ಕಾರಿ ತೋಟದ ಮೇಲ್ವಿಚಾರಕ ಮ್ಯಾಕೈವರ್ ಟೆಂಚ್ ಮತ್ತು ಕಾರ್ಪ್ ಜಾತಿಯ ಮೀನುಗಳನ್ನು ತಂದು ಊಟಿಯ ಕೆರೆಯಲ್ಲಿ ಒಗ್ಗಿಸಿದ. ಬೆಟ್ಟದಲ್ಲಿ ನೆಲೆಸಿದ್ದ ಯುರೋಪಿಯನ್ನರು 1877ರಲ್ಲಿ ನೀಲಗಿರಿ ಬೇಟೆ ಸಂಘವನ್ನು ಕಟ್ಟಿಕೊಂಡರು. ಅವರ ಮುಖ್ಯ ಆತಂಕ ನೀಲಗಿರಿ ತಾರ್, ಕಡವೆ, ಕಾಟಿಗಳು ಬೇಟೆಯಿಂದ ಬರಿದಾಗುತ್ತಿದ್ದದ್ದು. ಮೀನು ಅದರ ಜೊತೆಗೆ ಸೇರಿಕೊಂಡಿತು.

ಮದರಾಸು ಸರ್ಕಾರದ 1879ರ ಎರಡನೆಯ ಕಾಯಿದೆಯಾದ ನೀಲಗಿರಿ ಶಾಸನದ ಪೀಠಿಕೆಯಲ್ಲಿರುವ ಒಂದು ಪದಪುಂಜ ಗಮನಾರ್ಹ. ಕಾಯಿದೆಯ ಉದ್ದೇಶ ಬೇಟೆಪ್ರಾಣಿಗಳನ್ನೂ ‘ಒಗ್ಗಿಸಿದ ಮೀನು’ಗಳನ್ನೂ ಕಾಪಾಡುವುದು. ಅಂದರೆ ಮೀನಿಗೆ ರಕ್ಷಣೆ ದೊರೆತದ್ದು ಅದು ಹೊರಗಿನಿಂದ ಬಂದದ್ದು ಎಂಬ ಕಾರಣಕ್ಕೆ. ಜಿಲ್ಲೆಯ ಯಾವುದೇ ತೊರೆ ಅಥವಾ ಕೆರೆಯ ಮೀನುಗಾರಿಕೆಗೆ ನಿಯಮ ಮಾಡುವ ಅಧಿಕಾರವನ್ನು ಕಾಯಿದೆ ಸರ್ಕಾರಕ್ಕೆ ಕೊಟ್ಟಿತು. ಅಂಥ ಮೀನು ಅಲ್ಲಿ ಈಗಾಗಲೇ ಇರಬೇಕೆಂದೇನೂ ಇರಲಿಲ್ಲ. ಮುಂದೆ ಬಿಡುವ ಉದ್ದೇಶವಿದ್ದರೂ ಸಾಕಿತ್ತು. ನೀರಿಗೆ ವಿಷ ಅಥವಾ ಹಾನಿಕರ ವಸ್ತು ಹಾಕುವುದು, ಹರಿವಿಗೆ ಅಡ್ಡಲಾಗಿ ನೆಟ್ಟ ಸಾಧನಗಳಿಂದ ಹಿಡಿಯುವುದು, ಕಿರುಗಣ್ಣಿನ ಬಲೆ ಬೀಸುವುದು, ಇವನ್ನೆಲ್ಲ ತಡೆಯಬಹುದಿತ್ತು. ಬೇಕೆನಿಸಿದರೆ ಒಂದು ತೊರೆಯಲ್ಲಿ ಎಲ್ಲ ಬಗೆಯ ಮೀನುಗಾರಿಕೆಯನ್ನೂ ಎರಡು ವರ್ಷದ ಮಟ್ಟಿಗೆ ನಿಲ್ಲಿಸಬಹುದಿತ್ತು. ಹೊಸದಾಗಿ ಬಿಟ್ಟ ಮರಿ ಬಲಿತು ಮೊಟ್ಟೆಯಿಡಲು ಬಿಡುವು ಬೇಕೆಂಬುದು ಇದರ ಹಿಂದಿನ ಲೆಕ್ಕ. ಹೀಗೆ ಟ್ರೌಟ್ ನೆಲೆಯೂರುವ ಮುನ್ನವೇ ಅದರ ಕಾವಲಿಗೆ ಕಾನೂನು ಸಿದ್ಧವಾಗಿತ್ತು.

ಮೀನು ನಿಜವಾಗಿ ನೆಲೆನಿಂತದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ. ಎಚ್.ಸಿ. ವಿಲ್ಸನ್ ಎಂಬ ಮೀನುಕೃಷಿ ತಜ್ಞ ಆ ಕೆಲಸಕ್ಕೆ ನೇಮಕಗೊಂಡ. ಆತ ಕಂದು ಟ್ರೌಟ್‌ನ ಬದಲು ತುಸು ಬಿಸಿ ನೀರನ್ನೂ ತಾಳಬಲ್ಲ, ಉತ್ತರ ಅಮೆರಿಕ ಮೂಲದ ಕಾಮನಬಿಲ್ಲು ಟ್ರೌಟ್‌ನ ಮೇಲೆ ಭರವಸೆಯಿಟ್ಟ. ಅವಲಾಂಚಿಯಲ್ಲಿ ಮರಿ ಉತ್ಪಾದನಾ ಕೇಂದ್ರ ತಲೆಯೆತ್ತಿತು. ಅವಲಾಂಚಿ, ಎಮರಾಲ್ಡ್, ಮುಕುರ್ತಿ, ಪೈಕಾರಾ ಸುತ್ತಿನ ತೊರೆಗಳಿಗೆ ಮರಿಗಳು ಹೋದವು. ವಿಲ್ಸನ್ ಮುಂದೆ ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯನ್ನು ಸೇರಿದ. ಟ್ರೌಟ್ ಹರಿದಾಡಿದ ಈ ನೀರುಗಳಲ್ಲಿ ಕೆಲವಕ್ಕೆ ಇಂದಿಗೂ ‘ಹಳ್ಳ’ ಎಂದೇ ಕೊನೆಯಾಗುವ ಹೆಸರುಗಳಿವೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ನೆಲ ಅದು. 1799ರಲ್ಲಿ ಟಿಪ್ಪು ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಸೇರುವವರೆಗೆ ಮೈಸೂರಿಗೇ ಸೇರಿತ್ತು.

ಪರವಾನಗಿ ಪದ್ಧತಿಯ ಒಳತಿರುಳು ಸರಳ. ಗಾಳ ಹಾಕಲು ಬರುವವನು ಋತುವಿಗೆ ಅಥವಾ ಕೆಲವು ದಿನಗಳಿಗೆ ಶುಲ್ಕ ತೆರಬೇಕು. ಆ ಹಣದಿಂದ ಕಾವಲುಗಾರರ ಸಂಬಳ, ಮರಿ ಕೇಂದ್ರದ ಖರ್ಚು ಸಾಗಬೇಕು. ಟ್ರೌಟ್ ನೀರುಗಳಲ್ಲಿ ಎಲ್ಲೆಡೆ ಕಾಣುವ ಷರತ್ತುಗಳೆಂದರೆ ಗಾಳ ಮತ್ತು ನೊಣದಂತೆ ಕಟ್ಟಿದ ಕೃತಕ ಹುಳುವನ್ನಷ್ಟೇ ಬಳಸುವುದು, ಗೊತ್ತಾದ ಅಳತೆಗಿಂತ ಚಿಕ್ಕ ಮೀನನ್ನು ನೀರಿಗೇ ಬಿಡುವುದು, ದಿನಕ್ಕೆ ಇಂತಿಷ್ಟೇ ಎಂಬ ಮಿತಿ, ಮೊಟ್ಟೆಯಿಡುವ ತಿಂಗಳುಗಳಲ್ಲಿ ಪೂರ್ತಿ ನಿಷೇಧ. ಮೊಟ್ಟೆಯಿಡದ ಮೀನು ಹಿಡಿದರೆ ಮುಂದಿನ ವರ್ಷದ ತೊರೆ ಖಾಲಿ ಎಂಬ ಅರಿವು ಈ ಷರತ್ತುಗಳಲ್ಲಿದೆ. ಆ ಅರಿವು ಇಂದಿಗೂ ಸರಿ. ಆದರೆ ಶುಲ್ಕ ತೆತ್ತು ಸೂಕ್ಷ್ಮವಾದ ಗಾಳ ಹಿಡಿದು ಬರಬಲ್ಲವರು ಯಾರೆಂಬುದೂ ಸ್ಪಷ್ಟವಾಗಿತ್ತು. ಮೋಜಿಗೆ ಹಿಡಿಯುವುದು ಹಕ್ಕು, ಹೊಟ್ಟೆಗೆ ಹಿಡಿಯುವುದು ಕಳವು ಎಂಬ ವಿಂಗಡಣೆ ಈ ಪದ್ಧತಿಯೊಳಗೇ ಅಡಗಿತ್ತು. ಶ್ರೀಲಂಕಾದ ನುವಾರ ಎಲಿಯ, ಕೇರಳದ ಮುನ್ನಾರ್, ಕಾಶ್ಮೀರದ ಕಣಿವೆಗಳಲ್ಲೂ ಟ್ರೌಟ್ ಇದೇ ಬಗೆಯ ಏರ್ಪಾಡಿನ ನೆರಳಿನಲ್ಲಿ ಬೆಳೆಯಿತು.

ನಾಡಿನ ಮೀನುಗಳ ಪರವಾದ ದನಿ ಕನ್ನಡ ಕರಾವಳಿಯಿಂದ ಎದ್ದಿತು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನುಕೃಷಿಯ ಬಗ್ಗೆ ವರದಿ ಬರೆದ. 1873ರಲ್ಲಿ ಆತನ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲೇ ಅಚ್ಚಾಯಿತು. ಮರಿಮೀನಿನ ನಾಶ ಜನರ ಆಹಾರದ ನಾಶ ಎಂಬುದು ಥಾಮಸನ ನಿಲುವು. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಭಾರತ ಮತ್ತು ಬರ್ಮಾದ ಸಿಹಿನೀರು ಮೀನುಗಾರಿಕೆಯ ವರದಿಯನ್ನು ಪ್ರಕಟಿಸಿದ. ಕಿರುಗಣ್ಣಿನ ಬಲೆ, ನೀರಿಗೆ ವಿಷ, ಮೀನು ಹತ್ತಿ ಹೋಗಲಾರದ ನೀರಾವರಿ ಅಣೆಕಟ್ಟು, ಇವು ಅದರ ಪುಟಪುಟದಲ್ಲೂ ಬರುವ ದೂರುಗಳು. ಇಷ್ಟಾದರೂ ಅಖಿಲ ಭಾರತ ಮಟ್ಟದ ಕಾಯಿದೆ ಬರಲು 1897ರವರೆಗೆ ಕಾಯಬೇಕಾಯಿತು. ಬೆಟ್ಟದ ಅತಿಥಿ ಮೀನಿಗೆ ಕಾಯಿದೆ ಸಿಕ್ಕ 18 ವರ್ಷಗಳ ಮೇಲೆ ನಾಡಿನ ಮೀನಿಗೆ ಸಿಕ್ಕಿತು.

1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಅಥವಾ ವಿಷದಿಂದ ಮೀನು ಕೊಲ್ಲುವವರಿಗೆ ಎರಡು ತಿಂಗಳವರೆಗಿನ ಸೆರೆ ಇಲ್ಲವೇ 200 ರೂಪಾಯಿವರೆಗಿನ ದಂಡ ವಿಧಿಸಿತು. ಆಯ್ದ ನೀರುಗಳಿಗೆ ನಿಯಮ ಮಾಡುವ ಅಧಿಕಾರ, ಎರಡು ವರ್ಷದ ಪೂರ್ಣ ನಿಷೇಧ, ಬಲೆಯ ಅಳತೆ ಎಲ್ಲವೂ ನೀಲಗಿರಿ ಕಾಯಿದೆಯ ಅಚ್ಚಿನಲ್ಲೇ ಇವೆ. ಇದರಲ್ಲಿರುವ ‘ಸ್ಥಿರ ಸಾಧನ’ದ ವ್ಯಾಖ್ಯೆ ವಿಶೇಷವಾಗಿ ಓದಬೇಕಾದದ್ದು. ನೆಲಕ್ಕೆ ನೆಟ್ಟ ಅಥವಾ ಬೇರೆ ರೀತಿಯಲ್ಲಿ ಕದಲದಂತೆ ಇಟ್ಟ ಬಲೆ, ಪಂಜರ, ಬೋನು ಯಾವುದಾದರೂ ಅದರಡಿ ಬರುತ್ತದೆ. ಇಂಗ್ಲೆಂಡಿನ ನದಿಮುಖಗಳಲ್ಲಿ ಸಾಲ್ಮನ್ ಹಿಡಿಯುವ ದೊಡ್ಡ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ ಈ ಮಾತು ಇಲ್ಲಿ ಗದ್ದೆಯ ಬದುವಿನ ಕಂಡಿಗೆ ಇಡುವ ಬಿದಿರಿನ ಕೂಳಿಗೂ ಅನ್ವಯವಾಗುವಂತಿತ್ತು. ಮುಂಗಾರಿನ ಮೊದಲ ನೀರಿಗೆ ಎದುರಾಗಿ ಮೊಟ್ಟೆ ತುಂಬಿದ ಮೀನು ಮೇಲಕ್ಕೆ ಹತ್ತುತ್ತದೆ. ಮಲೆನಾಡಿನವರು ಅದನ್ನು ಹತ್ತುಮೀನು ಎನ್ನುತ್ತಾರೆ. ಕೂಳಿಗೆ ಬೀಳುವುದೂ ಅದೇ. ಸಂತತಿಯ ದೃಷ್ಟಿಯಿಂದ ಇದು ನಷ್ಟವೇ ಆದರೂ ಒಂದು ಮನೆಯ ಕೂಳಿಯನ್ನೂ ಇಡೀ ಹೊಳೆಗೆ ಸಿಡಿಸುವ ಮದ್ದನ್ನೂ ಒಂದೇ ಕಾಯಿದೆಯ ಕಣ್ಣಿನಿಂದ ನೋಡುವುದು ನ್ಯಾಯವಾಗಿರಲಿಲ್ಲ. ವಿಷದ ಮಾತಿಗೆ ಆಧಾರವಿತ್ತು: ಕಾರೆಕಾಯಿ, ಕಾಕಮಾರಿಯನ್ನು ಜಜ್ಜಿ ಮಡುವಿಗೆ ಹಾಕಿ ಮೀನನ್ನು ಮಂಕುಗೊಳಿಸುವ ರೂಢಿ ಇತ್ತು.

ಮೈಸೂರು ದೇಶೀ ಸಂಸ್ಥಾನವಾದ್ದರಿಂದ ಬ್ರಿಟಿಷ್ ಭಾರತದ ಶಾಸನ ಅಲ್ಲಿ ತಾನಾಗಿ ಜಾರಿಯಾಗುತ್ತಿರಲಿಲ್ಲ. ಸಂಸ್ಥಾನ 1901ರಲ್ಲಿ ತನ್ನದೇ ಆದ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಮಾಡಿತು. ಹುಲಿ ಕಡವೆಗಳ ಸಾಲಿನಲ್ಲಿ ಮೀನನ್ನೂ ಕೂರಿಸಿದ ಹೆಸರೇ ಅದರ ಹುಟ್ಟನ್ನು ತಿಳಿಸುತ್ತದೆ. ಟ್ರೌಟ್ ಇಲ್ಲದ ಇಲ್ಲಿ ಗಾಳಗಾರರ ಕಣ್ಣು ಕಾವೇರಿ, ಕಬಿನಿಗಳ ಮಹಸೀರ್ ಅಂದರೆ ಬಿಳಿಮೀನಿನ ಮೇಲಿತ್ತು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಸೀರ್ ದಾಖಲೆಯಾಗಿ ಉಳಿದಿದೆ. ಕಾಯಿದೆಗಿಂತ ಹಳೆಯ ರಕ್ಷಣೆಯೊಂದು ಸಂಸ್ಥಾನದಲ್ಲಿ ಮೊದಲೇ ಇತ್ತು. ತುಂಗೆಯ ದಡದ ಶೃಂಗೇರಿ, ಕಾವೇರಿಯ ದಡದ ರಾಮನಾಥಪುರದಂಥ ಕ್ಷೇತ್ರಗಳಲ್ಲಿ ದೇವರ ಮೀನೆಂಬ ನಂಬಿಕೆಯಿಂದ ಮಡುವಿಗೆ ಮಡುವೇ ಉಳಿದಿತ್ತು. ಅಲ್ಲಿ ಪರವಾನಗಿಯೂ ಇರಲಿಲ್ಲ, ಕಾವಲುಗಾರನೂ ಇರಲಿಲ್ಲ.

ಬೆಂಗಳೂರಿನ ಉತ್ತರ ಭಾಗದಲ್ಲಿ ದೊಡ್ಡ ಹೊಳೆಯಿಲ್ಲ. ಇರುವುದು ಕೆರೆಗಳ ಸರಣಿ. ಯಲಹಂಕದ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿಯುತ್ತದೆ. ಹೆಬ್ಬಾಳದ ಕೆರೆಯನ್ನು ಕೆಂಪೇಗೌಡನ ಕಾಲಕ್ಕೆ ಸೇರಿಸುವುದು ವಾಡಿಕೆ. ಇಲ್ಲಿ ವ್ಯಕ್ತಿಗೆ ಪರವಾನಗಿ ಕೊಡುವುದಕ್ಕಿಂತ ಇಡೀ ಕೆರೆಯ ಮೀನಿನ ಹಕ್ಕನ್ನು ಹರಾಜು ಹಾಕಿ ಗುತ್ತಿಗೆಗೆ ಕೊಡುವ ಪದ್ಧತಿ ಬೇರೂರಿತು. ಗುತ್ತಿಗೆದಾರ ಮರಿ ಬಿತ್ತಿ, ಬಲಿತ ಮೇಲೆ ಬಲೆ ಎಳೆಸುತ್ತಾನೆ. ಹೊರಗಿನ ಜೀವಿಯನ್ನು ತಂದು ಒಗ್ಗಿಸುವ ಉತ್ಸಾಹ ಮಾತ್ರ ಇಲ್ಲಿಗೂ ತಲುಪಿತು. ಸೊಳ್ಳೆಯ ಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನು ಮಲೇರಿಯಾ ತಡೆಗೆಂದು 1928ರಲ್ಲಿ ಬಿ.ಎ. ರಾವ್ ಇಟಲಿಯಿಂದ ಬೆಂಗಳೂರಿಗೆ ತಂದರು. 1952ರಲ್ಲಿ ಭಾರತಕ್ಕೆ ಕಾಲಿಟ್ಟ ತಿಲಾಪಿಯಾ ಕೆಲವೇ ದಶಕಗಳಲ್ಲಿ ದಕ್ಷಿಣದ ಕೆರೆಗಳನ್ನು ತುಂಬಿತು. ಮೊಟ್ಟೆಯನ್ನು ಬಾಯಲ್ಲೇ ಕಾಯುವ ಈ ಮೀನಿಗೆ ಯಾವ ನಿಷೇಧ ಕಾಲದ ಕಾವಲೂ ಬೇಕಾಗಲಿಲ್ಲ. ಹಳೆಯ ಕಾಯಿದೆಗಳ ‘ಹಾನಿಕರ ವಸ್ತು’ವಿನ ಹಿಂದೆ ಒಬ್ಬ ತಪ್ಪಿತಸ್ಥ ಮನುಷ್ಯನ ಚಿತ್ರವಿತ್ತು, ಊರಿಗೆ ಊರೇ ಹರಿಸುವ ಚರಂಡಿ ನೀರು ಆ ಚಿತ್ರದಲ್ಲಿರಲಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗ ಆ ಕೊರತೆ ಕಣ್ಣಿಗೆ ಕಂಡಿತು.

ಸ್ವಾತಂತ್ರ್ಯದ ಬಳಿಕ ಕಾನೂನಿನಲ್ಲಿ ಬೇಟೆ ಮತ್ತು ಮೀನಿನ ಹಳೆಯ ಜೋಡಿ ಮುರಿಯಿತು. ಮೈಸೂರು ರಾಜ್ಯದ 1963ರ ವನ್ಯಪ್ರಾಣಿ ಮತ್ತು ಕಾಡುಪಕ್ಷಿ ಸಂರಕ್ಷಣಾ ಕಾಯಿದೆ, ಅದರ ಮೇಲೆ ಕೇಂದ್ರದ 1972ರ ವನ್ಯಜೀವಿ ಕಾಯಿದೆ ಬೇಟೆಯ ಭಾಗವನ್ನು ವಹಿಸಿಕೊಂಡವು. ಮೀನಿನ ಭಾಗಕ್ಕೆ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯಿದೆ, 1996 ಬಂತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಹಿಡಿದ ಮಹಸೀರನ್ನು ತೂಗಿ ನೀರಿಗೇ ಬಿಡುವ ಪದ್ಧತಿಯನ್ನು ನಡೆಸಿತು. ಗಾಳಗಾರರ ಶುಲ್ಕದಿಂದ ಕಾವಲುಗಾರರ ಸಂಬಳ ಎಂಬ ಹಳೆಯ ಸೂತ್ರ ಇಲ್ಲಿ ನಾಡಿನ ಮೀನಿಗೇ ಉಪಯೋಗಕ್ಕೆ ಬಂತು. ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯಿದೆಗೆ ವಿರುದ್ಧವೆಂಬ ಕಾರಣದಿಂದ 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ಕಾವೇರಿಯ ಈ ಗೂನುಬೆನ್ನಿನ ಮಹಸೀರ್‌ಗೆ ವಿಜ್ಞಾನದ ಹೆಸರು ಖಚಿತವಾದದ್ದು 2018ರಲ್ಲಿ. ಈಗ ಅದು ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ನೀಲಗಿರಿಯ ಟ್ರೌಟ್ ನೀರುಗಳೂ ಹಿಂದಿನಂತಿಲ್ಲ. 1932ರ ಪೈಕಾರಾ ವಿದ್ಯುದಾಗಾರ, 1950–60ರ ದಶಕಗಳ ಕುಂದಾ ಜಲವಿದ್ಯುತ್ ಯೋಜನೆಯ ಅಣೆಕಟ್ಟುಗಳು ಹರಿಯುವ ತೊರೆಗಳನ್ನು ಜಲಾಶಯಗಳಾಗಿ ಮಾರ್ಪಡಿಸಿದವು. 1982ರಲ್ಲಿ ಅಭಯಾರಣ್ಯವಾದ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಕಾಲಕ್ಕೆ ಕಾಯಿದೆಯೇ ಕಾಪಾಡಿದ ‘ಒಗ್ಗಿಸಿದ ಮೀನು’ ಅಲ್ಲಿ ಈಗ ಶೋಲಾ ತೊರೆಗಳ ಮೂಲಜೀವಿಗಳ ನಡುವೆ ನುಸುಳಿದ ಪರಕೀಯ. ಅವಲಾಂಚಿಯ ಕೇಂದ್ರವನ್ನು ತಮಿಳುನಾಡು ಮೀನುಗಾರಿಕೆ ಇಲಾಖೆ ನೋಡಿಕೊಳ್ಳುತ್ತಿದೆ. ಯಲಹಂಕಕ್ಕೆ ಪಶ್ಚಿಮದಲ್ಲಿ, 1894ರಲ್ಲಿ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯ ಬಳಿಯ ಸಂಶೋಧನಾ ಕೇಂದ್ರಗಳಲ್ಲಿ ಮರಿ ಮಾಡಿಸುವ ಕೆಲಸ ಇಂದು ದಕ್ಷಿಣದ ನದಿಗಳ ಸ್ಥಳೀಯ ಗೆಂಡೆ ಜಾತಿಗಳ ಮೇಲೂ ನಡೆದಿದೆ.