ಹನ್ನೆರಡು ಗಜದ ತೀರ್ಪು

2023ರ ಜುಲೈ 4ರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಫೈನಲ್. ಭಾರತಕ್ಕೊಂದು ಗೋಲು, ಕುವೈತ್‌ಗೊಂದು. ತೊಂಬತ್ತು ನಿಮಿಷ ಕಳೆಯಿತು, ಹೆಚ್ಚುವರಿ ಮೂವತ್ತು ನಿಮಿಷವೂ ಕಳೆಯಿತು, ಲೆಕ್ಕ ಬದಲಾಗಲಿಲ್ಲ. ಪೆನಾಲ್ಟಿಗೆ ಹೋದರೆ ಅಲ್ಲಿಯೂ ಐದೈದು ಒದೆತಗಳ ನಂತರ 4–4! ಆರನೆಯ ಸರದಿಯಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದರು. ಕುವೈತ್‌ನ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಕಪ್ ಭಾರತಕ್ಕೆ ಬಂತು.

ಇದೇ ಗುರುಪ್ರೀತ್ ಅದೇ ವರ್ಷದ ಮಾರ್ಚ್ 18ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿ ಗೋಲು ಕಾದಿದ್ದರು. ಅದು ಐಎಸ್‌ಎಲ್ ಫೈನಲ್. ಎದುರಾಳಿ ಎಟಿಕೆ ಮೋಹನ್ ಬಾಗನ್. 2–2ರಲ್ಲಿ ಸಮವಾದ ಪಂದ್ಯವನ್ನು ಬೆಂಗಳೂರು ಪೆನಾಲ್ಟಿಯಲ್ಲಿ 3–4ರಿಂದ ಕಳೆದುಕೊಂಡಿತು. ನಾಲ್ಕು ತಿಂಗಳೊಳಗೆ ಒಬ್ಬನೇ ಗೋಲ್‌ಕೀಪರ್‌ಗೆ ಎರಡು ತೀರ್ಪು.

ಇಷ್ಟು ಕ್ರೂರವಾದ ನಿಯಮ ಏಕೆ ಬೇಕಾಯಿತು? ಅದಕ್ಕೂ ಮೊದಲಿದ್ದ ಪದ್ಧತಿಯನ್ನು ನೋಡಿದರೆ ತಿಳಿಯುತ್ತದೆ. ಪಂದ್ಯ ಸಮವಾದರೆ ಮತ್ತೊಂದು ದಿನ ಮರುಪಂದ್ಯ ಆಡಿಸುತ್ತಿದ್ದರು. ಅದಕ್ಕೆ ಸಮಯವಿಲ್ಲದಿದ್ದರೆ ನಾಣ್ಯ, ಇಲ್ಲವೇ ಚೀಟಿ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟ ನೇಪಲ್ಸ್‌ನಲ್ಲಿ 120 ನಿಮಿಷ ಆಡಿದರೂ ಗೋಲು ಬರಲಿಲ್ಲ. ನಾಯಕರಿಬ್ಬರನ್ನು ಒಳಗೆ ಕರೆದೊಯ್ದು ನಾಣ್ಯ ಚಿಮ್ಮಿದರು. ಇಟಲಿಯ ಫಕೆಟ್ಟಿ ಹೇಳಿದ ಮುಖ ಬಿತ್ತು; ಸೋವಿಯತ್ ತಂಡ ಸೋಲದೆಯೇ ಹೊರಬಿತ್ತು. ಅದೇ ವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬಲ್ಗೇರಿಯದ ಎದುರು ಚೀಟಿಯಲ್ಲಿ ಸೋತದ್ದು ಇಸ್ರೇಲ್. ಆ ನೋವಿನಿಂದಲೇ ಇಸ್ರೇಲ್‌ನ ಯೋಸೆಫ್ ಡಗಾನ್ ಪೆನಾಲ್ಟಿಯ ಸಲಹೆ ಮುಂದಿಟ್ಟರು. 1970ರಲ್ಲಿ ಅದು ನಿಯಮವಾಯಿತು.

ನಮ್ಮಲ್ಲಿ ಇನ್ನೊಂದು ಉಪಾಯವಿತ್ತು, ಕಪ್ಪನ್ನು ಹಂಚಿಕೊಳ್ಳುವುದು. 1978ರ ಫೆಡರೇಷನ್ ಕಪ್‌ನಲ್ಲಿ ಮೋಹನ್ ಬಾಗನ್, ಈಸ್ಟ್ ಬೆಂಗಾಲ್ ಜಂಟಿ ವಿಜೇತರು. 1982–83ರ ಸಂತೋಷ್ ಟ್ರೋಫಿಯಲ್ಲಿ ಬಂಗಾಳ, ಗೋವಾ ಕೂಡ ಹಾಗೆಯೇ. ಮನಸ್ಸಿಗೇನೋ ಹಿತ, ಆದರೆ ಟಿಕೆಟ್ ಕೊಂಡು ಬಂದವನಿಗೆ ಊಟ ಅರ್ಧಕ್ಕೇ ಬಿಟ್ಟಂತೆ.

ತೊಂಬತ್ತರ ದಶಕದಲ್ಲಿ 'ಗೋಲ್ಡನ್ ಗೋಲ್' ಬಂತು. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದರು, ಆಟ ಅಲ್ಲಿಗೇ ಮುಗಿಯಿತು. ತಂಡಗಳು ಮುನ್ನುಗ್ಗಿ ಆಡಲಿ ಎಂಬುದು ಆಸೆ. ಆದದ್ದು ತಿರುಗುಮುರುಗು. ಒಂದು ತಪ್ಪಾದರೂ ಕಥೆ ಮುಗಿಯಿತೆಂದು ಹೆದರಿ ಎಲ್ಲರೂ ಕೋಟೆ ಕಾಯತೊಡಗಿದರು. 2004ರಲ್ಲಿ ಅದಕ್ಕೂ ತೆರೆ ಬಿತ್ತು.

ಹೀಗೆ ಉಳಿದದ್ದು ಪೆನಾಲ್ಟಿ. ಇದೂ ಅದೃಷ್ಟದಾಟವೇ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನಾಣ್ಯಕ್ಕೆ ಕಾಲು ನಡುಗುವುದಿಲ್ಲ, ಆಟಗಾರನಿಗೆ ನಡುಗುತ್ತದೆ. ಆದರೆ ಹನ್ನೊಂದು ಜನರ ಸೋಲನ್ನು ಒಬ್ಬನ ತಲೆಗೆ ಕಟ್ಟುವುದು ನ್ಯಾಯವೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಾಣ್ಯವೇನೂ ಪೂರ್ತಿ ಹೋಗಿಲ್ಲ. ಯಾವ ಕಡೆಯ ಗೋಲಿಗೆ ಒದೆಯಬೇಕು, ಯಾರು ಮೊದಲು ಒದೆಯಬೇಕು ಎಂಬುದನ್ನು ತೀರ್ಮಾನಿಸಲು ರೆಫರಿ ಇಂದಿಗೂ ಅದನ್ನೇ ಚಿಮ್ಮುತ್ತಾನೆ. ಅಂದಹಾಗೆ, ಪೆನಾಲ್ಟಿಯ ಗೋಲುಗಳು ಪಂದ್ಯದ ಲೆಕ್ಕಕ್ಕೆ ಸೇರುವುದಿಲ್ಲ. ಕಂಠೀರವದ ಆ ಫೈನಲ್ ದಾಖಲೆಯಲ್ಲಿ ಇಂದಿಗೂ 1–1, ಸಮ.