ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ: ಒಂದು ಲೆಕ್ಕದ ಚರಿತ್ರೆ

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯ ಚರಿತ್ರೆ 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಕೋಶದಿಂದ ಆರಂಭವಾಗುತ್ತದೆಯಾದರೂ, ಅದು ಎಷ್ಟು ಹೊತ್ತು ಕೆಲಸಕ್ಕೆ ಬರುತ್ತದೆ ಎಂಬ ಪ್ರಶ್ನೆಗೆ ವ್ಯಾವಹಾರಿಕ ಮಹತ್ವ ಬಂದದ್ದು 1881ರಲ್ಲಿ, ಕಮೀಲ್ ಫೋರ್ ಸೀಸದ ಫಲಕಗಳಿಗೆ ಸೀಸದ ಆಕ್ಸೈಡನ್ನು ಮೆತ್ತಿ ಕೋಶದ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದ ಮೇಲೆ. ಆ ವರ್ಷ ಇಂಥ ಕೋಶಗಳ ಪೆಟ್ಟಿಗೆಯೊಂದು ಪ್ಯಾರಿಸ್ಸಿನಿಂದ ಗ್ಲಾಸ್ಗೋದಲ್ಲಿದ್ದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ನರ ಪರೀಕ್ಷೆಗೆ ಬಂದಾಗ, ಅದರಲ್ಲಿ ಹತ್ತು ಲಕ್ಷ ಅಡಿ-ಪೌಂಡ್ ಶಕ್ತಿ ಇದೆಯೆಂದು, ಅಂದರೆ ಹತ್ತು ಲಕ್ಷ ಪೌಂಡ್ ಭಾರವನ್ನು ಒಂದು ಅಡಿ ಎತ್ತುವಷ್ಟು ಶಕ್ತಿ ಇದೆಯೆಂದು, ಯಂತ್ರಶಾಸ್ತ್ರದ ಅಳತೆಯಲ್ಲೇ ಹೇಳಲಾಯಿತು.

ಅದೇ ವರ್ಷ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಆಂಪಿಯರ್ ಮತ್ತು ಕೂಲಂಬ್ ಮಾನಗಳನ್ನು ಅಂಗೀಕರಿಸಿದ್ದರಿಂದ, ಒಂದು ಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದಾಗ ಸಾಗುವ 3,600 ಕೂಲಂಬ್ ವಿದ್ಯುದಾವೇಶವನ್ನು 'ಆಂಪಿಯರ್-ಗಂಟೆ' ಎಂದು ಎಣಿಸಲು ಆಧಾರ ದೊರೆಯಿತು. ಧಾರಣಶಕ್ತಿಯನ್ನು ಉಪಕರಣ ಸೆಳೆಯುವ ಪ್ರವಾಹದಿಂದ ಭಾಗಿಸಿದರೆ ಅವಧಿ ಸಿಗಬೇಕೆಂಬ ಸರಳ ಲೆಕ್ಕ ಇದರಿಂದ ಹುಟ್ಟಿತು. ಆದರೆ ಪ್ರವಾಹ ಹೆಚ್ಚಿದಂತೆ ಬ್ಯಾಟರಿಯಿಂದ ಒಟ್ಟಾರೆ ದೊರೆಯುವ ಆವೇಶವೇ ಕಡಿಮೆಯಾಗುತ್ತಿತ್ತು. ಇದನ್ನು 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ ಘಾತಾಂಕವುಳ್ಳ ಸೂತ್ರವೊಂದರಲ್ಲಿ ನಿರೂಪಿಸಿದನು. 20 ಗಂಟೆಗಳ ಬಳಕೆಯ ಮೇಲೆ 100 ಆಂಪಿಯರ್-ಗಂಟೆ ಎಂದು ಗುರುತಿಸಿದ ಸೀಸ-ಆಮ್ಲ ಬ್ಯಾಟರಿಯಿಂದ 20 ಆಂಪಿಯರ್ ಸೆಳೆದರೆ ಭಾಗಾಕಾರದ ಪ್ರಕಾರ 5 ಗಂಟೆ ಬರಬೇಕು, ಘಾತಾಂಕ 1.2 ಆಗಿದ್ದರೆ ಈ ಸೂತ್ರದಂತೆ ಬರುವುದು 4 ಗಂಟೆಗಿಂತ ಕಡಿಮೆ. ಪ್ರವಾಹವನ್ನು ವೇಗವಾಗಿ ಸೆಳೆದಾಗ ಫಲಕದ ಸೂಕ್ಷ್ಮ ರಂಧ್ರಗಳೊಳಗಿನ ಗಂಧಕಾಮ್ಲ ಬೇಗ ತೀರಿ, ಹೊರಗಿನ ಆಮ್ಲ ಅಷ್ಟೇ ವೇಗವಾಗಿ ಒಳಗಿಳಿಯಲಾರದಿರುವುದು ಇದಕ್ಕೆ ಮುಖ್ಯ ಕಾರಣ.

ಬಳಕೆಯ ನಡುವೆ ಉಳಿದಿರುವುದೆಷ್ಟೆಂದು ತಿಳಿಯಲು ಬ್ಯಾಟರಿ ಕೆಲಸದವರು ಹೈಡ್ರೋಮೀಟರನ್ನು, ಅಂದರೆ ದ್ರವದ ಸಾಂದ್ರತೆ ಅಳೆಯುವ ಗಾಜಿನ ಉಪಕರಣವನ್ನು, ನೆಚ್ಚಿದರು. ಬ್ಯಾಟರಿ ಬರಿದಾದಂತೆ ಆಮ್ಲ ತೆಳುವಾಗುವುದರಿಂದ ಅದರ ಸಾಂದ್ರತೆಯೇ ಉಳಿಕೆಯನ್ನು ಸೂಚಿಸುತ್ತಿತ್ತು. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಮುಚ್ಚಿದ ಕೋಶವಾದ್ದರಿಂದ ಈ ದಾರಿ ಅಲ್ಲಿ ಸಾಧ್ಯವಿರಲಿಲ್ಲ. ಆದ್ದರಿಂದ ಒಳಹೋದ ಮತ್ತು ಹೊರಬಂದ ಆವೇಶವನ್ನು ಎಣಿಸುತ್ತ, ಎಣಿಕೆಯಲ್ಲಿ ಕೂಡಿಬರುವ ತಪ್ಪನ್ನು ವೋಲ್ಟೇಜಿನ ನೆರವಿನಿಂದ ತಿದ್ದಿಕೊಳ್ಳುವ ಚಿಪ್‌ಗಳು ಬಳಕೆಗೆ ಬಂದವು.

ಅವಧಿಯೆಂಬುದು ಬ್ಯಾಟರಿಯೊಂದರದೇ ಗುಣವಲ್ಲ. ಸೆಳೆಯುವ ವೇಗ, ತಾಪಮಾನ ಮತ್ತು ಕೋಶದ ವಯಸ್ಸು ಸೇರಿ ಅದನ್ನು ನಿರ್ಧರಿಸುತ್ತವೆ. ಬ್ಯಾಟರಿಯ ಮೇಲೆ ಬರೆದ ಆಂಪಿಯರ್-ಗಂಟೆಯ ಅಂಕಿಯನ್ನು ಯಾವ ಪರಿಸ್ಥಿತಿಯಲ್ಲಿ ಅಳೆದದ್ದೆಂದು ವಿಚಾರಿಸದೆ ನಂಬಬಾರದೆಂಬುದೇ ಪಾಯ್ಕರ್ಟನ ಸೂತ್ರ ಇಂದಿಗೂ ಕಲಿಸುವ ಪಾಠ.